ಕೊಲ್ಲುವುದಕ್ಕಿಂತ ಮೊದಲಿನ ಎಚ್ಚರ

ರೋಗಾಣುಗಳನ್ನು ಕೊಲ್ಲುವುದು ಹಿಂಸೆಯಲ್ಲವೇ ಎಂಬ ಪ್ರಶ್ನೆಯನ್ನು ಸ್ವಾಧ್ಯಾಯದ ಸಭೆಗಳಲ್ಲಿ ಧರ್ಮಬಂಧುಗಳು ಆಗಾಗ ಎತ್ತುವುದುಂಟು. ಒಂದೆಡೆ ರೋಗಿಯ ಪ್ರಾಣ; ಇನ್ನೊಂದೆಡೆ ಕಣ್ಣಿಗೆ ಕಾಣದ ಅಸಂಖ್ಯ ಜೀವಗಳು. ಇದಕ್ಕೆ ಉತ್ತರ ಹೇಳುವ ಮೊದಲು, ಆ ಜೀವಗಳು ರೋಗಿಯ ದೇಹದಲ್ಲಿ ನೆಲೆಯೂರುವ ಬಗೆಯನ್ನು ತಿಳಿಯುವುದು ಲೇಸು.

ಇಂದಿನ ಚಿಕಿತ್ಸೆಯಲ್ಲಿ ರಕ್ತನಾಳಕ್ಕೆ ಸೇರಿಸುವ ಕೊಳವೆ, ಮೂತ್ರಕೋಶಕ್ಕೆ ಇಳಿಸುವ ಕ್ಯಾಥೆಟರ್, ಕೃತಕ ಕೀಲು, ಹೃದಯದ ಕೃತಕ ಕವಾಟ ಮೊದಲಾದವು ದೇಹದೊಳಗೆ ದಿನಗಟ್ಟಲೆ, ವರ್ಷಗಟ್ಟಲೆ ಉಳಿಯುತ್ತವೆ. ನಮ್ಮ ಚರ್ಮದ ಮೇಲೆ ಸಾಮಾನ್ಯವಾಗಿ ಯಾವ ಬಾಧೆಯನ್ನೂ ಕೊಡದೆ ವಾಸಿಸುವ ಸ್ಟ್ಯಾಫಿಲೋಕಾಕಸ್ ಎಪಿಡರ್ಮಿಡಿಸ್ ಎಂಬ ಬ್ಯಾಕ್ಟೀರಿಯಾ ಈ ಉಪಕರಣಗಳ ಮೈಗೆ ಸುಲಭವಾಗಿ ಅಂಟಿಕೊಳ್ಳುತ್ತದೆ. ಮೊದಮೊದಲು ಆ ಅಂಟು ಸಡಿಲವಾಗಿರುತ್ತದೆ. ಬಳಿಕ ಅದು ವೃದ್ಧಿಸಿ ತನ್ನ ಸುತ್ತ ಲೋಳೆಯ ಪದರವೊಂದನ್ನು ಕಟ್ಟಿಕೊಳ್ಳುತ್ತದೆ. ವಿಜ್ಞಾನಿಗಳು ಇದನ್ನು ಬಯೋಫಿಲ್ಮ್ ಎನ್ನುತ್ತಾರೆ. ಹಲ್ಲಿನ ಪಾಚಿಯೂ ಇದೇ ಬಗೆಯದು. ಡೆಲ್ಫ್ಟ್ ನಗರದ ಬಟ್ಟೆ ವ್ಯಾಪಾರಿ ಲೇವನ್‌ಹುಕ್ 1683ರಲ್ಲಿ ತನ್ನ ಸೂಕ್ಷ್ಮದರ್ಶಕದಿಂದ ಅಂಥ ಪಾಚಿಯಲ್ಲೇ ಚಲಿಸುವ ಜೀವಿಗಳನ್ನು ಕಂಡು ವರ್ಣಿಸಿದನು. ಈ ಪದರದೊಳಗಿನ ಬ್ಯಾಕ್ಟೀರಿಯಾವನ್ನು ನಾಶಪಡಿಸಲು, ಬಿಡಿಯಾಗಿ ತೇಲುವವುಗಳಿಗೆ ಸಾಕಾಗುವ ಔಷಧಕ್ಕಿಂತ ನೂರಾರು ಪಟ್ಟು ಹೆಚ್ಚು ಬೇಕಾಗಬಹುದು. ಎಷ್ಟೋ ವೇಳೆ ಉಪಕರಣವನ್ನೇ ಹೊರತೆಗೆಯದೆ ಗತ್ಯಂತರವಿರುವುದಿಲ್ಲ.

ಕರ್ಮಸಿದ್ಧಾಂತವನ್ನು ಬಲ್ಲವರಿಗೆ ಈ ಕ್ರಮ ಅಪರಿಚಿತವಲ್ಲ. ಒದ್ದೆ ಬಟ್ಟೆಗೆ ಧೂಳು ಹತ್ತುವಂತೆ ಕಷಾಯಯುಕ್ತ ಆತ್ಮಕ್ಕೆ ಕರ್ಮ ಹತ್ತುತ್ತದೆ ಎನ್ನುತ್ತಾರೆ. ಆಸ್ರವವನ್ನು ತಡೆಯುವುದು ಸಂವರ. ಬದ್ಧವಾದುದನ್ನು ಕಳಚುವುದು ನಿರ್ಜರೆ. ಉಪಮೆಯನ್ನು ಎಳೆದು ಶಾಸ್ತ್ರದಲ್ಲಿ ವಿಜ್ಞಾನವನ್ನು ಹುಡುಕುವ ಉದ್ದೇಶ ಇಲ್ಲಿಲ್ಲ. ಬಂಧವಾಗುವ ಮುನ್ನವೇ ತಡೆಯಬೇಕೆಂಬ ವಿವೇಕವಷ್ಟೇ ಪ್ರಸ್ತುತ.

ತಡೆಯುವ ಮಾರ್ಗಗಳೂ ಒಂದೇ ಬಗೆಯವಲ್ಲ. ಕ್ಯಾಥೆಟರಿಗೆ ಬೆಳ್ಳಿಯ ಅಥವಾ ಪ್ರತಿಜೈವಿಕದ ಲೇಪ ಕೊಡುವುದು ಬಂದವುಗಳನ್ನು ಕೊಲ್ಲುವ ಮಾರ್ಗ. ಇನ್ನೊಂದು ಮಾರ್ಗವೂ ಉಂಟು. ಫ್ಲಾರಿಡಾ ವಿಶ್ವವಿದ್ಯಾಲಯದ ಆಂಟನಿ ಬ್ರೆನನ್ ಅವರು ಹಡಗುಗಳ ತಳಕ್ಕೆ ಪಾಚಿ ಹತ್ತದಂತೆ ಮಾಡುವ ಉಪಾಯವನ್ನು ಅರಸುತ್ತ, ಶಾರ್ಕ್ ಮೀನಿನ ಚರ್ಮದ ವಿನ್ಯಾಸವನ್ನು ಗಮನಿಸಿದರು. ಅದೇ ಮಾದರಿಯಲ್ಲಿ, ಒಂದು ಮಿಲಿಮೀಟರಿನ ಸಾವಿರದ ಎರಡು ಮೂರು ಭಾಗದಷ್ಟು ಸೂಕ್ಷ್ಮವಾದ ಏಣುಗಳುಳ್ಳ ಮೇಲ್ಮೈಯನ್ನು ರಚಿಸಿದರು. ಅದರಲ್ಲಿ ವಿಷವಿಲ್ಲ, ಬ್ಯಾಕ್ಟೀರಿಯಾಕ್ಕೆ ನೆಲೆಯೂರಲು ಅನುಕೂಲವಾದ ತಾಣ ದೊರೆಯುವುದಿಲ್ಲ, ಅಷ್ಟೆ.

ಇನ್ನೂ ಸರಳವಾದುದು ಮನುಷ್ಯನ ಎಚ್ಚರ. ಅಮೆರಿಕದ ಮಿಷಿಗನ್ ರಾಜ್ಯದಲ್ಲಿ ಪೀಟರ್ ಪ್ರೊನೊವೊಸ್ಟ್ ಅವರ ನೇತೃತ್ವದಲ್ಲಿ ನೂರಕ್ಕೂ ಹೆಚ್ಚು ತೀವ್ರನಿಗಾ ಘಟಕಗಳು ಕೆಲವು ನಿಯಮಗಳನ್ನು ಪಾಲಿಸಿದವು: ಕೈ ತೊಳೆಯುವುದು, ಕೊಳವೆ ಹಾಕುವಾಗ ರೋಗಿಯನ್ನು ಪೂರ್ಣವಾಗಿ ಶುದ್ಧ ವಸ್ತ್ರದಿಂದ ಮುಚ್ಚುವುದು, ಚರ್ಮವನ್ನು ಕ್ಲೋರ್‌ಹೆಕ್ಸಿಡಿನ್‌ನಿಂದ ಶುಚಿಗೊಳಿಸುವುದು, ತೊಡೆಸಂದಿಯ ರಕ್ತನಾಳವನ್ನು ಆದಷ್ಟು ಬಳಸದಿರುವುದು, ಅಗತ್ಯ ತೀರಿದ ಕೊಳವೆಯನ್ನು ಕೂಡಲೇ ತೆಗೆಯುವುದು. 2006ರಲ್ಲಿ ಪ್ರಕಟವಾದ ವರದಿಯಂತೆ, ಹದಿನೆಂಟು ತಿಂಗಳಲ್ಲಿ ಕೊಳವೆಯಿಂದ ರಕ್ತಕ್ಕೆ ತಗಲುವ ಸೋಂಕು ಶೇಕಡಾ 66ರವರೆಗೆ ಇಳಿಯಿತು.

ಈ ಶುಚಿತ್ವದಲ್ಲೂ ಸೂಕ್ಷ್ಮಜೀವಿಗಳು ಸಾಯುತ್ತವೆ ಎಂದು ಆಕ್ಷೇಪಿಸಬಹುದು. ನಿಜ. ಆದರೆ ಗೃಹಸ್ಥನು ಸಂಪೂರ್ಣವಾಗಿ ತ್ಯಜಿಸಬೇಕಾದುದು ಸಂಕಲ್ಪೀ ಹಿಂಸೆಯನ್ನು. ಬದುಕಿನ ಅನಿವಾರ್ಯ ಆರಂಭಗಳಲ್ಲಿ ಅವನು ಹಿಂಸೆಯನ್ನು ಆದಷ್ಟು ಕಡಿಮೆ ಮಾಡಬೇಕು. ಎಚ್ಚರ ತಪ್ಪಿ ಸೋಂಕು ತಗಲಿದ ಮೇಲೆ ವಾರಗಟ್ಟಲೆ ಕೊಡುವ ಔಷಧವು ರೋಗಾಣುಗಳೊಡನೆ ಕರುಳಿನ ನಿರಪರಾಧಿ ಜೀವಗಳನ್ನೂ ಕೊಲ್ಲುತ್ತದೆ, ರೋಗಿಯೂ ನರಳುತ್ತಾನೆ. ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರವು ಹಿಂಸೆಯ ಲಕ್ಷಣದಲ್ಲೇ ಪ್ರಮಾದವನ್ನು ಸೇರಿಸಿದೆ. ತೊಳೆಯದ ಕೈ ಪ್ರಮಾದವೇ. ವಸ್ತುವನ್ನು ಎತ್ತುವಾಗ, ಇಡುವಾಗ ಮುನಿಗಳು ನವಿಲುಗರಿಯ ಪಿಂಛಿಯಿಂದ ಮೃದುವಾಗಿ ಸವರಿ ನೋಡುವ ಆದಾನನಿಕ್ಷೇಪಣ ಸಮಿತಿಯ ಹಿಂದಿರುವ ಜಾಗರೂಕತೆಯೇ ಆಸ್ಪತ್ರೆಯಲ್ಲಿಯೂ ಬೇಕಾಗಿದೆ.

ಇದು ವೈದ್ಯರ, ದಾದಿಯರ ಹೊಣೆ ಮಾತ್ರವೆಂದು ವರ್ತಕರಾದ ನಾವು ಸುಮ್ಮನಿರುವಂತಿಲ್ಲ. ಧರ್ಮಾರ್ಥ ಆಸ್ಪತ್ರೆಗಳ ಆಡಳಿತ ಮಂಡಳಿಗಳಲ್ಲಿ ಜಮಾ ಖರ್ಚು ನೋಡುವವರು ನಮ್ಮಂಥವರೇ. ಕಟ್ಟಡಕ್ಕೆ, ಅದರ ಮೇಲಿನ ಶಿಲಾಫಲಕಕ್ಕೆ ದಾನಿಗಳು ಬೇಗ ಸಿಗುತ್ತಾರೆ. ವಾರ್ಡಿನಲ್ಲಿ ಕೈ ತೊಳೆಯುವ ನಲ್ಲಿ, ಸಾಬೂನು, ಸಾಕಷ್ಟು ದಾದಿಯರ ಸಂಬಳ ಎಂದಾಗ ಖರ್ಚಿನ ಬಾಬು ಭಾರವಾಗಿ ಕಾಣುತ್ತದೆ. ಒಮ್ಮೆ ಮಾತ್ರ ಬಳಸಬೇಕಾದ ಕೊಳವೆಯನ್ನು ಮತ್ತೆ ಬಳಸಿ ಉಳಿಸಿದ ಹಣ ಲೆಕ್ಕಪುಸ್ತಕದಲ್ಲಿ ಉಳಿತಾಯವೆಂದು ತೋರಬಹುದು. ಅದರ ನಿಜವಾದ ಬೆಲೆಯನ್ನು ತೆರುವವನು ಹಾಸಿಗೆಯಲ್ಲಿರುವ ರೋಗಿ. ಹಾಗೆ ಉಳಿಸಲು ಒಪ್ಪಿ ಸಹಿ ಹಾಕಿದವನು ಆ ಹಿಂಸೆಯಲ್ಲಿ ಪಾಲುದಾರನಾಗುತ್ತಾನೆ.

ನಾಲ್ಕು ದಾನಗಳಲ್ಲಿ ಔಷಧದಾನವೂ ಒಂದು. ಔಷಧವೇ ಬೇಕಾಗದಂತೆ ನೋಡಿಕೊಳ್ಳುವ ನೀರು, ಸಾಬೂನುಗಳಿಗೆ ಕೊಟ್ಟ ಹಣವನ್ನೂ ಆ ದಾನದಲ್ಲಿ ಸೇರಿಸಿ ಎಣಿಸುವುದು ಶ್ರಾವಕರಿಗೆ ಉಚಿತ.