ಚೆಂದ ಅಂದವರು ಯಾರು?

ಸೌಂದರ್ಯ ಎಂದರೇನು ಅನ್ನುವುದು ಹೊಟ್ಟೆ ತುಂಬಿದವರ ಪ್ರಶ್ನೆ, ನಮಗೇಕೆ ಅದರ ಉಸಾಬರಿ ಎನ್ನುವ ಗೆಳೆಯರು ನಮ್ಮಲ್ಲಿದ್ದಾರೆ. ಅವರ ಸಿಟ್ಟು ನಮಗೆ ಅರ್ಥವಾಗುತ್ತದೆ. ಆದರೆ ಆ ಪ್ರಶ್ನೆಯನ್ನು ಬಿಟ್ಟುಕೊಟ್ಟರೆ ಚೆಂದ ಯಾವುದು, ವಿಕಾರ ಯಾವುದು ಎಂದು ತೀರ್ಪು ಕೊಡುವ ಅಧಿಕಾರವನ್ನೂ ಬಿಟ್ಟುಕೊಟ್ಟ ಹಾಗೆ. ಆ ಅಧಿಕಾರ ಇಷ್ಟು ದಿನ ಯಾರ ಕೈಯಲ್ಲಿತ್ತು, ಅದರಿಂದ ಯಾರೆಲ್ಲ ಕುರೂಪಿಗಳಾದರು ಅನ್ನುವುದು ನಮಗೆ ಗೊತ್ತಿಲ್ಲದ್ದೇನಲ್ಲ.

ತತ್ವಜ್ಞಾನಿ ಇಮ್ಯಾನುಯೆಲ್ ಕಾಂಟ್ 1790ರಲ್ಲಿ ಈ ಕುರಿತು ಒಂದು ದೊಡ್ಡ ಗ್ರಂಥ ಬರೆದ. ಅದರ ಮೊದಲ ಪುಟಗಳಲ್ಲೇ ಒಂದು ಅರಮನೆ ಬರುತ್ತದೆ. ಇದು ಚೆಂದವಾಗಿದೆಯೇ ಎಂದು ಕೇಳಿದರೆ ಒಬ್ಬನು, ಪ್ಯಾರಿಸಿಗೆ ಬಂದಿದ್ದ ಅಮೆರಿಕದ ಇರೊಕ್ವಾ ಬುಡಕಟ್ಟಿನ ನಾಯಕನಂತೆ, ಈ ಊರಲ್ಲಿ ನನಗೆ ಹಿಡಿಸಿದ್ದು ಊಟದಂಗಡಿಗಳು ಮಾತ್ರ ಅನ್ನಬಹುದು. ಇನ್ನೊಬ್ಬನು ರೂಸೋನ ಹಾಗೆ, ಬೇಡದ್ದಕ್ಕೆಲ್ಲ ಜನರ ಬೆವರು ಪೋಲು ಮಾಡುವ ದೊಡ್ಡವರ ಒಣಜಂಬವನ್ನು ಬೈಯಬಹುದು. ಇವೆಲ್ಲ ಇರಲಿ, ಆದರೆ ಈಗ ಕೇಳಿದ ಪ್ರಶ್ನೆ ಇದಲ್ಲ ಅನ್ನುತ್ತಾನೆ ಕಾಂಟ್. ಆ ಅರಮನೆ ಇದ್ದರೂ ಇಲ್ಲದಿದ್ದರೂ ನನಗೇನೂ ಆಗಬೇಕಾಗಿಲ್ಲ ಎಂಬ ನಿರ್ಲಿಪ್ತತೆಯಲ್ಲಿ ಹುಟ್ಟಿದ ಸಂತೋಷವೇ ಸೌಂದರ್ಯದ ತೀರ್ಪಿಗೆ ಆಧಾರ ಎಂಬುದು ಅವನ ವಾದ.

ಎಷ್ಟು ಸಲೀಸು ನೋಡಿ! ಊಟದ ಮಾತೆತ್ತಿದವನೂ ಹೊರಗೆ, ಬೆವರಿನ ಲೆಕ್ಕ ಕೇಳಿದವನೂ ಹೊರಗೆ. ಸ್ವಂತ ಆಸೆ, ಲಾಭಗಳನ್ನು ಬದಿಗಿಟ್ಟರೆ ಎಲ್ಲ ಮನುಷ್ಯರೂ ಒಂದೇ ತೀರ್ಪಿಗೆ ಒಪ್ಪಬಹುದು ಎಂಬ ನಿರೀಕ್ಷೆ ಕಾಂಟನಲ್ಲಿತ್ತು, ಅದನ್ನು ನಾವು ಮರೆಮಾಚುವುದಿಲ್ಲ. ಆದರೆ ಕಲ್ಲು ಹೊತ್ತು ಹೆಗಲು ಕಾಯಿಗಟ್ಟಿದವನಿಗೆ, ಈ ಅರಮನೆಯನ್ನು ನಿರ್ಲಿಪ್ತನಾಗಿ ನೋಡಪ್ಪಾ ಅಂದರೆ ಅವನು ಏನಂದಾನು?

ಈಗ ಮಿದುಳಿನ ವಿಜ್ಞಾನಿಗಳೂ ಈ ಜಗಳದೊಳಗೆ ಬಂದಿದ್ದಾರೆ. ಲಂಡನ್ನಿನ ಸೆಮಿರ್ ಝೆಕಿ ಮತ್ತು ತೊಮೊಹಿರೊ ಇಶಿಝು 2011ರಲ್ಲಿ 21 ಜನರನ್ನು ಎಂ.ಆರ್.ಐ. ಯಂತ್ರದಲ್ಲಿ ಮಲಗಿಸಿ ಚಿತ್ರ ತೋರಿಸಿದರು, ಸಂಗೀತ ಕೇಳಿಸಿದರು. ಯಾವುದನ್ನೇ ಚೆಂದ ಅಂದರೂ ಹಣೆಯ ಹಿಂದೆ, ಕಣ್ಣುಗುಳಿಗಳ ಮೇಲಿರುವ ಮಿದುಳಿನ ಒಂದೇ ಭಾಗ ಚುರುಕಾಯಿತು. ರುಚಿಯಾದ ಊಟಕ್ಕೆ, ಕೈಗೆ ಬಂದ ದುಡ್ಡಿಗೆ ಸ್ಪಂದಿಸುವುದೂ ಅದೇ ಪ್ರದೇಶ. ಅಂದರೆ ಇರೊಕ್ವಾ ನಾಯಕನ ಊಟದಂಗಡಿ, ಕಾಂಟನ ಅರಮನೆ ಎರಡೂ ತಲೆಯೊಳಗೆ ಒಂದೇ ಬೀದಿಯಲ್ಲಿವೆ! ಇದಕ್ಕೂ ಮುಂಚೆ, 2004ರಲ್ಲಿ, ಝೆಕಿ ಮತ್ತು ಕವಬಾಟ ಇನ್ನೊಂದನ್ನು ಕಂಡಿದ್ದರು. ವಿಕಾರ ಅನ್ನಿಸಿದ ಚಿತ್ರ ಕಂಡಾಗ ಮೈಕೈ ಆಡಿಸುವ ಮಿದುಳಿನ ಭಾಗ ಹೆಚ್ಚು ಚುರುಕಾಗುತ್ತಿತ್ತು. ನಮ್ಮನ್ನು ಕಂಡು ಸೆರಗು ಬಿಗಿಹಿಡಿದು ಪಕ್ಕಕ್ಕೆ ಸರಿದವರು ನಮಗೆ ನೆನಪಾಗುತ್ತಾರೆ. ಇದು ನಮ್ಮ ನೆನಪು ಅಷ್ಟೆ, ವಿಜ್ಞಾನಿಗಳು ಹೇಳಿದ್ದಲ್ಲ.

ಹಾಗಾದರೆ ಚೆಂದ ಅನ್ನುವುದು ಹುಟ್ಟಿನಿಂದಲೇ ಮಿದುಳಿನಲ್ಲಿ ಕೂತಿದೆಯೇ? ಇಲ್ಲೇ ನಾವು ಎಚ್ಚರವಾಗಿರಬೇಕು. ಹುಟ್ಟಿನ ಮಾತಾಡಿ ನಮ್ಮನ್ನು ತುಳಿದದ್ದು ಸಾಲದೇ? 2009ರಲ್ಲಿ ಅಲ್ರಿಕ್ ಕಿರ್ಕ್ ಮತ್ತು ಸಂಗಡಿಗರು ಒಂದು ಸರಳ ಕೆಲಸ ಮಾಡಿದರು. ಅಮೂರ್ತ ಚಿತ್ರಗಳಲ್ಲಿ ಕೆಲವಕ್ಕೆ ಇವು ಕಲಾ ಗ್ಯಾಲರಿಯವು ಎಂದೂ ಕೆಲವಕ್ಕೆ ಇವು ಕಂಪ್ಯೂಟರ್ ಹುಟ್ಟಿಸಿದವು ಎಂದೂ ಹೆಸರುಚೀಟಿ ಹಚ್ಚಿದರು. ಚಿತ್ರಗಳು ಒಂದೇ ಬಗೆಯವು, ಚೀಟಿ ಮಾತ್ರ ಬೇರೆ. ಗ್ಯಾಲರಿ ಎಂಬ ಚೀಟಿ ಇದ್ದದ್ದನ್ನು ಜನ ಹೆಚ್ಚು ಚೆಂದ ಅಂದರು. ಬಾಯಿಮಾತಿಗೆ ಅಂದದ್ದೂ ಅಲ್ಲ, ಹಣೆಯ ಹಿಂದಿನ ಆ ಭಾಗವೇ ಹೆಚ್ಚು ಚುರುಕಾಗಿತ್ತು.

ನಿರ್ಲಿಪ್ತತೆ ಎಲ್ಲಿ ಹೋಯಿತು ಸ್ವಾಮಿ? ನೋಡುವ ಮೊದಲೇ ಚೀಟಿ ಒಳಗೆ ಹೋಗಿ ಕೂತಿದೆ. ಒಂದು ಗಳಿಗೆ ಹಚ್ಚಿದ ಚೀಟಿಯೇ ಇಷ್ಟು ಕೆಲಸ ಮಾಡುವುದಾದರೆ ಸಾವಿರಾರು ವರ್ಷ ಹಚ್ಚಿಟ್ಟ ಜಾತಿಯ ಚೀಟಿ ಎಷ್ಟು ಮಾಡಿರಲಿಕ್ಕಿಲ್ಲ? ಸಾವಿರ ವರ್ಷದ ಹಿಂದೆ ಕಾಶ್ಮೀರದ ಅಭಿನವಗುಪ್ತ, ಕಾವ್ಯವನ್ನು ಮತ್ತೆ ಮತ್ತೆ ಅಭ್ಯಾಸ ಮಾಡಿ ಮನಸ್ಸಿನ ಕನ್ನಡಿ ತಿಳಿಯಾದವನೇ ಸಹೃದಯ ಎಂದ. ಮಾತು ಸರಿಯೇ. ಅಭ್ಯಾಸದಿಂದ ರುಚಿ ಬೆಳೆಯುತ್ತದೆ ಎಂಬುದನ್ನು ನಾವೂ ಒಪ್ಪುತ್ತೇವೆ. ಆದರೆ ಅಕ್ಷರವನ್ನೇ ಮುಟ್ಟಗೊಡದವರು, ಆಮೇಲೆ ಇವರಿಗೆ ಸಹೃದಯತೆಯಿಲ್ಲ ಎಂದರಲ್ಲ, ಅದು ಯಾವ ರಸ?

ತಮಟೆಯನ್ನೇ ತೆಗೆದುಕೊಳ್ಳಿ. ಊರ ದೇವರು ಹೊರಟರೂ ಹೆಣ ಹೊರಟರೂ ತಮಟೆ ಬೇಕು. ಬಡಿಯುವವನು ಮಾತ್ರ ದೂರ ನಿಲ್ಲಬೇಕು. ಅದು ಸದ್ದಾಗಿತ್ತು, ಸಂಗೀತವಾಗಿರಲಿಲ್ಲ. 2023ರಲ್ಲಿ ತಮಟೆ ಕಲಾವಿದ ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪನವರಿಗೆ ಪದ್ಮಶ್ರೀ ಬಂತು. ನಮಗೆ ಸಂತೋಷವಾಯಿತು, ಯಾಕಾಗಬಾರದು? ಆದರೂ ಕೇಳಿಕೊಂಡೆವು: ಚರ್ಮ ಅದೇ, ಪೆಟ್ಟು ಅದೇ. ಈಗ ತಲೆದೂಗುವವರು ಕೇಳುತ್ತಿರುವುದು ತಮಟೆಯನ್ನೋ, ಚೀಟಿಯನ್ನೋ?

ಬಡಿಯುವವನಿಗೆ ಈ ಅನುಮಾನ ಎಂದೂ ಇರಲಿಲ್ಲ. ಚರ್ಮ ಹದ ಮಾಡಿದ್ದು ಅವನ ಜನ, ಅದರ ನಾತವೂ ಅವನಿಗೆ ಗೊತ್ತು, ನಾದವೂ ಗೊತ್ತು. ತಮಟೆ ಚೆನ್ನಾಗಿ ನುಡಿಯಬೇಕು ಎಂಬ ಆಸೆ ಅವನಿಗುಂಟು, ನಿರ್ಲಿಪ್ತತೆ ಖಂಡಿತ ಇಲ್ಲ. ಹುಲ್ಲಿಗೆ ಬೆಂಕಿ ಹಚ್ಚಿ, ತಮಟೆಯನ್ನು ಅದಕ್ಕೆ ಹಿಡಿದು, ಬೆರಳಲ್ಲಿ ಒಮ್ಮೆ ತಟ್ಟಿ ಕಿವಿಗೊಡುತ್ತಾನೆ. ಇನ್ನೂ ಕಾಯ್ಬೇಕು ಕಣ್ರೋ ಎಂದು ಮತ್ತೆ ಬೆಂಕಿಗೆ ಹಿಡಿಯುತ್ತಾನೆ.