ತಪ್ಪಿಗೆ ಜಾಗವಿರುವ ಗೋಡೆ

ಗಣಿತದ ಒಂದು ಸತ್ಯ ಮಗುವಿಗೆ ತನ್ನದಾಗುವುದು ಯಾವಾಗ? ಬಲ್ಲವರು ಹೇಳಿದ್ದನ್ನು ನಂಬಿದಾಗಲೋ, ಕಣ್ಣಾರೆ ಕಂಡಾಗಲೋ, ತಾನೇ ತರ್ಕಿಸಿ ಒಪ್ಪಿದಾಗಲೋ? ಶಬ್ದ, ಪ್ರತ್ಯಕ್ಷ, ಅನುಮಾನ ಮೊದಲಾಗಿ ನಮ್ಮ ನ್ಯಾಯದರ್ಶನದ ನೈಯಾಯಿಕರು ಪ್ರಮಾಣಗಳನ್ನು, ಎಂದರೆ ಅರಿವಿನ ಸಾಧನಗಳನ್ನು, ಬಿಡಿಸಿಟ್ಟಿದ್ದು ಇಂಥ ಪ್ರಶ್ನೆಗಳಿಗಾಗಿಯೇ. ತರಗತಿಯ ಗೋಡೆಯ ಮೇಲಿರುವ ಗಣಿತದ ಚಾರ್ಟನ್ನು ಈ ದೃಷ್ಟಿಯಿಂದ ಪರಿಶೀಲಿಸಬೇಕು. ‘ತ್ರಿಭುಜದ ಮೂರು ಒಳಕೋನಗಳ ಮೊತ್ತ 180 ಡಿಗ್ರಿ’ ಎಂದು ಬಣ್ಣದಲ್ಲಿ ಬರೆದು ತೂಗುಹಾಕಿದ ಹಾಳೆ ನೋಡಲು ಪ್ರತ್ಯಕ್ಷದಂತಿದ್ದರೂ ಕೆಲಸ ಮಾಡುವುದು ಆಪ್ತವಾಕ್ಯದಂತೆ, ಎಂದರೆ ಬಲ್ಲವರ ಮಾತಿನಂತೆ. ಮಗು ಅದನ್ನು ಓದುತ್ತದೆ, ಉರು ಹೊಡೆಯುತ್ತದೆ. ಪರೀಕ್ಷೆಯ ದಿನ ಮೇಷ್ಟ್ರು ಅದನ್ನು ಕೆಳಗಿಳಿಸುತ್ತಾರೆ. ಉತ್ತರವನ್ನೇ ಗೋಡೆಗೆ ಅಂಟಿಸಿದ ಮೇಲೆ ಮಗುವಿನ ತರ್ಕಕ್ಕೆ ಅಲ್ಲಿ ಮಾಡಲು ಏನು ಉಳಿದಿರುತ್ತದೆ?

ಪ್ಲೇಟೋನ ‘ಮೆನೋ’ ಸಂವಾದದಲ್ಲಿ ಸಾಕ್ರೆಟಿಸ್, ರೇಖಾಗಣಿತದ ಗಂಧಗಾಳಿಯಿಲ್ಲದ ಒಬ್ಬ ಗುಲಾಮ ಹುಡುಗನನ್ನು ಕರೆದು ಎರಡಡಿ ಬಾಹುವಿನ ಚೌಕ ಬರೆದು ತೋರಿಸುತ್ತಾನೆ. ಇದರ ಎರಡರಷ್ಟು ವಿಸ್ತೀರ್ಣದ ಚೌಕಕ್ಕೆ ಬಾಹು ಎಷ್ಟು ಎಂಬುದು ಪ್ರಶ್ನೆ. ಹುಡುಗ ನಾಲ್ಕಡಿ ಎನ್ನುತ್ತಾನೆ. ಬರೆದು ನೋಡಿದರೆ 8 ಚದರಡಿ ಬೇಕಾದಲ್ಲಿ 16 ಬರುತ್ತದೆ. ಮೂರಡಿ ಎನ್ನುತ್ತಾನೆ, 9 ಬರುತ್ತದೆ. ಗೊತ್ತಿಲ್ಲವೆಂದು ಒಪ್ಪಿದ ಮೇಲಷ್ಟೇ ಸಾಕ್ರೆಟಿಸ್ ಕರ್ಣವನ್ನು ಎಳೆಯುತ್ತಾನೆ, ಅದನ್ನೇ ಬಾಹುವಾಗಿಸಿದ ಚೌಕ 8 ಚದರಡಿ. ಆತ್ಮ ಹಿಂದೆಯೇ ಅರಿತಿದ್ದನ್ನು ಈಗ ನೆನಪಿಸಿಕೊಂಡಿತು ಎಂಬ ಸಾಕ್ರೆಟಿಸನ ತೀರ್ಮಾನವನ್ನು ನಾವು ಒಪ್ಪಬೇಕಾಗಿಲ್ಲ. ಸಾಕ್ರೆಟಿಸ್ ಉತ್ತರವನ್ನು ಪ್ರಶ್ನೆಯೊಳಗೇ ತುರುಕಿದ, ಹುಡುಗ ಹೌದು ಹೌದೆಂದನಷ್ಟೇ ಎಂಬ ಆಕ್ಷೇಪ ಹಳೆಯದು, ಅದರಲ್ಲಿ ಹುರುಳೂ ಇದೆ. ಆದರೆ ಆ ಎರಡು ತಪ್ಪು ಉತ್ತರಗಳನ್ನು ಯಾರೂ ಹೇಳಿಕೊಟ್ಟಿರಲಿಲ್ಲ, ಅವು ಅವನವೇ. ಅವುಗಳನ್ನು ತಳ್ಳಿಹಾಕಿದ್ದು ಸಾಕ್ರೆಟಿಸನ ಹಿರಿತನವಲ್ಲ, ಕಣ್ಣೆದುರಿನ ಚಿತ್ರ. ಚೌಕದ ಕರ್ಣಕ್ಕೆ ಎಳೆದ ಹಗ್ಗ ಎರಡರಷ್ಟು ಕ್ಷೇತ್ರವನ್ನು ಕೊಡುತ್ತದೆ ಎಂದು ಯಜ್ಞವೇದಿಗಳ ಅಳತೆಯ ಗ್ರಂಥವಾದ ಬೌಧಾಯನನ ಶುಲ್ಬಸೂತ್ರವೂ ಹೇಳುತ್ತದೆ. ಯಜ್ಞವೇದಿ ಅಳೆಯುವವನ ಕೈಯಲ್ಲಿ ಹಗ್ಗವೂ ಇತ್ತು, ಸೂತ್ರವನ್ನು ನೆಲದ ಮೇಲೆ ಎಳೆದು ನೋಡಬಹುದಿತ್ತು.

ಮಕ್ಕಳು ಪಾಲ್ಗೊಳ್ಳುವ ಚಾರ್ಟು ಎಂದರೆ ಮಗು ತಪ್ಪಬಹುದಾದ, ತಪ್ಪಿದ್ದನ್ನು ತಾನೇ ಕಾಣಬಹುದಾದ ಚಾರ್ಟು ಎಂಬುದು ನನ್ನ ವಾದ. ಮುಟ್ಟಿದರೆ ಸಾಲದು. ಸ್ಮಾರ್ಟ್ ಬೋರ್ಡಿನಲ್ಲಿ ಸರಿಯುತ್ತರವನ್ನು ಒತ್ತಿದಾಗ ಚಪ್ಪಾಳೆ ಮೊಳಗಿದರೆ, ಒಪ್ಪಿಗೆ ಕೊಟ್ಟದ್ದು ಯಂತ್ರ. ಆಪ್ತವಾಕ್ಯದ ಗಾದಿಗೆ ಬೇರೊಬ್ಬರು ಬಂದು ಕೂತರು, ಅಷ್ಟೆ. ಅದರ ಬದಲು ಗೋಡೆಗೊಂದು ಚೀಲ ತೂಗುಹಾಕಿ, ಉದ್ದ, ಮೊಂಡು, ಚೂಪು ಎಂದು ಬಗೆಬಗೆಯ ಕಾಗದದ ತ್ರಿಭುಜಗಳನ್ನು ತುಂಬಿಡಿ. ಮೇಲೆ ಬರೆಯಬೇಕಾದ್ದು ಒಂದೇ ಪ್ರಶ್ನೆ: ಮೂರು ಮೂಲೆಗಳನ್ನು ಹರಿದು ಒಂದಕ್ಕೊಂದು ತಾಗಿಸಿಟ್ಟರೆ ಏನಾಗುತ್ತದೆ? ದೊಡ್ಡ ತ್ರಿಭುಜದ ಕೋನಗಳ ಮೊತ್ತವೂ ದೊಡ್ಡದೆಂದು ಊಹಿಸಿದ ಮಗುವಿಗೆ, ಹರಿದ ಮೂಲೆಗಳು ಪ್ರತಿ ಸಲವೂ ಹೆಚ್ಚುಕಡಿಮೆ ನೇರ ಗೆರೆಯಲ್ಲೇ ನಿಲ್ಲುವುದು ಕಾಣುತ್ತದೆ.

ಇಲ್ಲಿ ನಿಜವಾದ ಆಕ್ಷೇಪ ಎದುರಾಗುತ್ತದೆ, ಅದೂ ಪ್ಲೇಟೋನಿಂದಲೇ. ರೇಖಾಗಣಿತಜ್ಞರು ಏನೋ ಕೈಕೆಲಸ ನಡೆದಿದೆ ಎಂಬಂತೆ ಮಾತಾಡುತ್ತಾರೆ, ಆದರೆ ಆ ವಿದ್ಯೆಯ ಗುರಿ ಎಂದೂ ಬದಲಾಗದ್ದನ್ನು ಅರಿಯುವುದು ಎಂದು ‘ರಿಪಬ್ಲಿಕ್’ ಆಕ್ಷೇಪಿಸುತ್ತದೆ. ಹರಿದ ಕಾಗದ ‘ಹೆಚ್ಚುಕಡಿಮೆ’ ಎನ್ನುವುದಷ್ಟನ್ನೇ ಬಲ್ಲದು. ನೂರು ತ್ರಿಭುಜ ಹರಿದರೂ ನೂರಾ ಒಂದನೆಯದರ ಬಗ್ಗೆ ಅದು ಖಾತ್ರಿ ಕೊಡಲಾರದು. ಈ ಮಾತು ಪೂರ್ತಿ ಸರಿ. ಆದರೆ ಕಾಗದ ಇಷ್ಟೇ ಹೇಳಬಲ್ಲದು ಎಂದು ಮಗುವಿಗೆ ತಿಳಿಯುವುದಾದರೂ ಹೇಗೆ? ಚೀಲದ ಪಕ್ಕದಲ್ಲೇ ಒಂದು ರಬ್ಬರ್ ಚೆಂಡಿರಲಿ, ಅದರ ನಡುವನ್ನು ಮೂರು ದಿಕ್ಕಿನಿಂದ ಸುತ್ತುವ, ಒಂದನ್ನೊಂದು ಲಂಬವಾಗಿ ಕತ್ತರಿಸುವ ಮೂರು ರಬ್ಬರ್ ಬ್ಯಾಂಡುಗಳಿರಲಿ. ಚೆಂಡಿನ ಮೈ ಎಂಟು ತ್ರಿಭುಜಗಳಾಗುತ್ತದೆ. ಪ್ರತಿಯೊಂದರ ಮೂರು ಕೋನಗಳೂ ಲಂಬಕೋನಗಳೇ, ಮೊತ್ತ 270. ಇಲ್ಲೇಕೆ ಹೀಗೆ, ಅಲ್ಲೇಕೆ ಹಾಗೆ ಎಂದು ಮಗು ಕೇಳಿದ ಕ್ಷಣ ಶೃಂಗದ ಮೂಲಕ ಪಾದಕ್ಕೆ ಸಮಾಂತರ ರೇಖೆ ಎಳೆಯುವ ಸಾಧನೆಗೆ ಅರ್ಥ ಬರುತ್ತದೆ. ಪರ್ಯಾಯ ಕೋನಗಳು ಸಮ, ಆದ್ದರಿಂದ ಸಮತಲದಲ್ಲಿ ಮೊತ್ತ ನಿಖರವಾಗಿ 180. ಚೆಂಡಿನ ಮೇಲೆ ಆ ರಬ್ಬರ್ ಬ್ಯಾಂಡುಗಳಂಥ ಎರಡು ನಡುಸುತ್ತುಗಳು ಎಲ್ಲೋ ಒಂದೆಡೆ ಸಂಧಿಸಲೇಬೇಕು, ಸಮಾಂತರಕ್ಕೆ ಅಲ್ಲಿ ಎಡೆಯಿಲ್ಲ. ಕೈ ತನ್ನ ಮಿತಿಯನ್ನು ಮುಟ್ಟಿದಲ್ಲಿ ಅನುಮಾನ, ಎಂದರೆ ತರ್ಕ, ಶುರುವಾಗುತ್ತದೆ. ಪ್ಲೇಟೋ ಬಯಸಿದ ಜಾಗಕ್ಕೆ ಮಗು ಬಂದು ತಲುಪಿದ್ದು ಅವನು ಬೇಡವೆಂದ ದಾರಿಯಿಂದ.

ಸಿಲಬಸ್ ಮುಗಿಯುವುದಿಲ್ಲ, ತರಗತಿ ತುಂಬಿದೆ, ಹರಿದ ಕಾಗದ ಗುಡಿಸುವವರಾರು ಎಂಬ ಶಿಕ್ಷಕರ ಮಾತನ್ನು ತಳ್ಳಿಹಾಕಲಾಗದು. ಆದರೆ ಮಗುವಿನ ಆಲೋಚನೆಯನ್ನೇ ಗಣಿತೀಕರಿಸುವುದು ಗುರಿ ಎಂದು 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಹೇಳಿದೆ. ಕರ್ನಾಟಕದ ನಲಿಕಲಿ ತರಗತಿಗಳು ಮಕ್ಕಳ ಕೈಗೆಟುಕುವ ಎತ್ತರಕ್ಕೆ ಕಪ್ಪು ಹಲಗೆಯನ್ನು ಇಳಿಸಿವೆ. ಗೋಡೆ ತುಂಬ ಸಾಮಗ್ರಿ ಬೇಕಿಲ್ಲ, ತಿಂಗಳಿಗೊಂದು ಪ್ರಶ್ನೆ ಸಾಕು, ಹಳೆಯ ಪತ್ರಿಕೆ ಮತ್ತು ದಾರ ಸಾಕು. ಗಣಿತದ ಶಿಕ್ಷಕರಲ್ಲಿ ನನ್ನ ಕೋರಿಕೆ ಇಷ್ಟು: ಸೂತ್ರ ಬರೆದ ಒಂದು ಚಾರ್ಟನ್ನು ಈ ವಾರ ಇಳಿಸಿ, ಆ ಜಾಗದಲ್ಲಿ ಮಕ್ಕಳ ಊಹೆಗಳನ್ನು, ತಪ್ಪಾದವನ್ನೂ ಸೇರಿಸಿ, ಅವರ ಕೈಯಿಂದಲೇ ಬರೆಸಿ.