ವೀಸಾ ಮತ್ತು ಕೇರಿಯ ವಿಳಾಸ

ಜರ್ಮನಿಯ ಗೆಳೆಯನೊಬ್ಬ ನಮ್ಮೂರಿಗೆ ಬರುತ್ತೇನೆಂದಿದ್ದಾನೆ. ಅವನೂ ನನ್ನಂತೆ ಶಾಲಾ ಮಾಸ್ತರ. ಧಾರವಾಡದಲ್ಲಿ ಓದುವಾಗ ಆದ ಗೆಳೆತನ ಇಷ್ಟು ವರ್ಷ ಉಳಿದುಕೊಂಡು ಬಂದಿದೆ. ಪ್ರವಾಸಿ ವೀಸಾದ ಅರ್ಜಿ ತುಂಬುತ್ತ ಅವನು ಕೇಳಿದ: "ಭಾರತದಲ್ಲಿ ಪರಿಚಯದವರ ಹೆಸರು, ವಿಳಾಸ ಬರೆಯಬೇಕಂತೆ. ನಿನ್ನದು ಕೊಡು." ಎರಡು ಸಾಲಿನ ಕೆಲಸ. ಆದರೆ ಬೀಳಗಿ ತಾಲೂಕಿನ ಈ ಮಾಸ್ತರ ಎರಡು ದಿನ ವಿಳಾಸ ಕಳಿಸಲಿಲ್ಲ. ಯಾಕೆ ಕಳಿಸಲಿಲ್ಲ ಎಂಬುದನ್ನು ಗೆಳೆಯರ ಮುಂದೆ ಬಿಚ್ಚಿಡಬೇಕಾಗಿದೆ.

ಅರ್ಜಿ ಏನೇನು ಕೇಳುತ್ತದೆ ನೋಡಿ. 2014ರ ನವೆಂಬರಿನಿಂದ ಅನೇಕ ದೇಶಗಳವರಿಗೆ ರಾಯಭಾರ ಕಚೇರಿಗೆ ಅಲೆಯದೆ ಕಂಪ್ಯೂಟರಿನಲ್ಲೇ ಅರ್ಜಿ ಹಾಕುವ ಸವಲತ್ತು ಬಂದಿದೆ. ಪಾಸ್‌ಪೋರ್ಟಿಗೆ ಇನ್ನೂ ಆರು ತಿಂಗಳ ಅವಧಿ ಇರಬೇಕು. ತಂದೆ-ತಾಯಿಯ ಹೆಸರು, ಅವರ ದೇಶ, ಅರ್ಜಿದಾರನ ಧರ್ಮ ಬರೆಯಬೇಕು. ತಂದೆ-ತಾಯಿ, ಅಜ್ಜ-ಅಜ್ಜಿ ಪಾಕಿಸ್ತಾನದವರೇನು ಎಂಬ ಪ್ರಶ್ನೆಯೂ ಉಂಟು. ಊರು ನೋಡಲು, ಗೆಳೆಯರನ್ನು ಕಾಣಲು ಈ ವೀಸಾ ಸಾಕು. ಸಂಶೋಧನೆಗೆ ಬರುವವರ ದಾರಿ ಬೇರೆ. "ಕೇರಿಯ ನಾಲ್ಕು ಜನರನ್ನು ಮಾತಾಡಿಸಿ ಪ್ರಬಂಧ ಬರೆಯಲೇ?" ಎಂದು ಅವನು ಕೇಳಿದಾಗ ಬೇಡವೆಂದೆ. ಕಾನೂನು ಒಂದು ಕಾರಣ. ನಮ್ಮವ್ವನ ಬದುಕು ಪ್ರದರ್ಶನದ ವಸ್ತುವಲ್ಲ ಎಂಬುದು ಇನ್ನೊಂದು. ಗೆಳೆಯನಾಗಿ ಬಾ, ಉಂಡು ಹೋಗು ಎಂದೆ.

ಇಷ್ಟೆಲ್ಲ ಕೇಳುವ ಅರ್ಜಿಯಲ್ಲಿ ಜಾತಿಯ ಕಾಲಂ ಇಲ್ಲ. ಆದರೆ ಅವನು ಬಸ್ಸಿನಿಂದ ಇಳಿದ ಕೂಡಲೆ ಊರು ಏನು ಕೇಳುತ್ತದೆ? "ಯಾರ ಮನೀಗೆ ಬಂದಾರ್ರೀ?" ಅದರ ಬೆನ್ನಿಗೇ, "ಆ ಮನ್ಯಾವರು ಯಾರ ಪೈಕಿ?" ಬಿಳಿ ಚರ್ಮದವನನ್ನು ಹಾರ ಹಾಕಿ ಗುಡಿಯೊಳಗೆ ಕರೆದೊಯ್ಯುವ ಮಂದಿ ಇದ್ದಾರೆ. ಜೊತೆಗೆ ನಾನಿದ್ದರೆ? ಅವನು ನಮ್ಮ ಹೊಸ್ತಿಲು ದಾಟಿ ಒಂದು ತಂಬಿಗೆ ನೀರು ಕುಡಿದು ಬಂದಿದ್ದರೆ? ಅತಿಥಿಯೇ ದೇವರೆಂದು ಸರಕಾರದ ಪ್ರವಾಸೋದ್ಯಮದ ಜಾಹೀರಾತು ಸಾರಿತ್ತು. ದೇವರಂಥ ಅತಿಥಿ ಕೇರಿಯಲ್ಲಿ ಉಂಡರೆ ಅವನಿಗೂ ಮೈಲಿಗೆ ತಪ್ಪದು.

ಅದಕ್ಕೇ ನನ್ನ ತಲೆಯಲ್ಲಿ ಒಂದು ಉಪಾಯ ಹುಟ್ಟಿತು. ಬಾಗಲಕೋಟೆಯ ಯಾವುದಾದರೂ ಲಾಜಿನ ವಿಳಾಸ ಕೊಡುವುದು. ಬಾದಾಮಿ, ಐಹೊಳೆ, ಪಟ್ಟದಕಲ್ಲು ತೋರಿಸಿ ಮರ್ಯಾದೆಯಿಂದ ಕಳಿಸಿಬಿಡುವುದು. ಯಾರ ಮರ್ಯಾದೆ? ಅದನ್ನು ಆಗ ಕೇಳಿಕೊಳ್ಳಲಿಲ್ಲ.

ಆಗ ನೆನಪಾದದ್ದು ಬಾಬಾಸಾಹೇಬರು. ಅವರ ಆತ್ಮಕಥನದ ಒಂದು ಪುಟ್ಟ ಬರಹದ ಹೆಸರೇ 'ವೀಸಾಕ್ಕಾಗಿ ಕಾಯುತ್ತ'. 1930ರ ದಶಕದಲ್ಲಿ ಬರೆದದ್ದು. ಪುಸ್ತಕವಾಗಿ ಅಚ್ಚಾದದ್ದು 1990ರಲ್ಲಿ. ಅಸ್ಪೃಶ್ಯತೆಯ ಉರಿ ಎಂಥದೆಂದು ವಿದೇಶಿಯರಿಗೆ ತಿಳಿಸಲು ಬರೆದ ಬರಹ ಅದು. ಅದರಲ್ಲಿ ಯಾವ ರಾಯಭಾರ ಕಚೇರಿಯೂ ಬರುವುದಿಲ್ಲ. ಬರುವುದು 1901ರಲ್ಲಿ ಮಸೂರು ಸ್ಟೇಶನ್ನಿನಲ್ಲಿ ಇಳಿದ ಮಕ್ಕಳು. ಜಾತಿ ತಿಳಿದೊಡನೆ ಗಾಡಿಯವರು ಹಿಂದೆ ಸರಿದರು. ಕೊನೆಗೆ ದುಪ್ಪಟ್ಟು ಬಾಡಿಗೆ ಕೊಟ್ಟು ಮಕ್ಕಳೇ ಗಾಡಿ ಹೊಡೆಯಬೇಕಾಯಿತು. ಬುತ್ತಿ ಇತ್ತು, ನೀರು ಕೊಡುವವರಿರಲಿಲ್ಲ. ಮುಂದೆ ಅಮೆರಿಕ, ಇಂಗ್ಲೆಂಡುಗಳಲ್ಲಿ ಓದಿ 1917ರಲ್ಲಿ ಬರೋಡೆಯ ನೌಕರಿಗೆ ಬಂದಾಗಲೂ ಇಳಿಯಲು ಜಾಗವಿಲ್ಲ. ಪಾರ್ಸಿಗಳ ವಸತಿಗೃಹದಲ್ಲಿ ಪಾರ್ಸಿ ಹೆಸರಿನಲ್ಲಿ ಉಳಿದರು. ಕೆಲವೇ ದಿನಗಳಲ್ಲಿ ಬಡಿಗೆ ಹಿಡಿದ ಗುಂಪು ಬಂದು ಹೊರಗೆ ಹಾಕಿತು. ನ್ಯೂಯಾರ್ಕು ಒಳಗೆ ಬಿಟ್ಟಿತು, ಲಂಡನ್ನು ಬಿಟ್ಟಿತು, ಬರೋಡೆ ಬಿಡಲಿಲ್ಲ.

ಹಾಗಾದರೆ ಆ ಪಾರ್ಸಿ ಹೆಸರೂ ನನ್ನ ಲಾಜಿನ ವಿಳಾಸವೂ ಒಂದೇ ಏನು? ಅಲ್ಲ. ತಲೆಯ ಮೇಲೊಂದು ಸೂರಿಗಾಗಿ ಹೆಸರು ಮುಚ್ಚಿಡುವುದು ಬೇರೆ. ಇಂದಿಗೂ ಪಟ್ಟಣದಲ್ಲಿ ಬಾಡಿಗೆ ಮನೆ ಹುಡುಕುವ ನಮ್ಮ ಹುಡುಗರು ಜಾತಿ ಮುಚ್ಚಿಡಬೇಕಾಗುತ್ತದೆ. ಅವರನ್ನು ಹೇಡಿಗಳೆನ್ನುವ ಹಕ್ಕು ಯಾರಿಗೂ ಇಲ್ಲ. ಆ ಪಾಪ ಬಾಗಿಲು ಮುಚ್ಚಿದವರದು. ಆದರೆ ಇಲ್ಲಿ ಬಾಗಿಲು ನನ್ನದೇ. ಒಳಗೆ ಬಾ ಎನ್ನುವ ಅಧಿಕಾರ ನನ್ನ ಕೈಯಲ್ಲಿದೆ. ಈಗಲೂ ಮುಚ್ಚಿಟ್ಟರೆ ಊರಿನ ಕಣ್ಣಿನಿಂದಲೇ ನನ್ನ ಹಡೆದವ್ವನನ್ನು ನೋಡಿದಂತಾಯಿತು. ಕಾಗದದ ಮೇಲೂ ಅದು ಸುಳ್ಳು. ವಿದೇಶಿಯನ್ನು ಇಳಿಸಿಕೊಂಡವರು ಸರಕಾರಕ್ಕೆ ತಿಳಿಸಬೇಕು. 1946ರ ಕಾಯ್ದೆ ಹೋಗಿ 2025ರ ಸೆಪ್ಟೆಂಬರ್ 1ರಿಂದ ಹೊಸದು ಜಾರಿಯಾದರೂ ಈ ಹೊಣೆ ಉಳಿದಿದೆ.

ಗಡಿಗಳ ಮಾತು ನಮಗೆ ಹೊಸದಲ್ಲ. ನಮ್ಮ ಅಜ್ಜನ ಕಾಲಕ್ಕೆ ಬೀಳಗಿಯಿಂದ ಜಮಖಂಡಿಗೆ ಹೋದರೆ ಪಟವರ್ಧನರ ಸಂಸ್ಥಾನ, ಮುಧೋಳಕ್ಕೆ ಹೋದರೆ ಘೋರ್ಪಡೆಯವರ ಸಂಸ್ಥಾನ. 1948ರಲ್ಲಿ ಆ ಗಡಿಗಳು ಅಳಿಸಿದವು. ಊರು-ಕೇರಿಯ ಗಡಿ ಅಳಿಸಲಿಲ್ಲ. ಆಲಮಟ್ಟಿ ಅಣೆಕಟ್ಟಿನ ಹಿನ್ನೀರು ಬಂದು ನಮ್ಮ ಊರನ್ನೂ ಕೇರಿಯನ್ನೂ ಒಟ್ಟಿಗೆ ನುಂಗಿತು. ನೀರು ಜಾತಿ ಕೇಳಲಿಲ್ಲ. ಪುನರ್ವಸತಿ ಕೇಂದ್ರದಲ್ಲಿ ಪ್ಲಾಟು ಹಂಚಿದಾಗ ಮಾತ್ರ ಕೇರಿ ಮತ್ತೆ ಒಂದು ಮಗ್ಗುಲಿಗೇ ಬಂದು ಕೂತಿತು. ಸಂವಿಧಾನದ 17ನೇ ವಿಧಿ ಅಸ್ಪೃಶ್ಯತೆಯನ್ನು ತೊಡೆದಿದೆ, 19ನೇ ವಿಧಿ ದೇಶದ ತುಂಬ ತಿರುಗಾಡುವ ಹಕ್ಕು ಕೊಟ್ಟಿದೆ. ಊರೊಳಗಿನ ಐವತ್ತು ಹೆಜ್ಜೆಗೆ ಮಾತ್ರ ಇನ್ನೂ ಯಾರದೋ ಅಪ್ಪಣೆ ಬೇಕು.

ಗೆಳೆಯನ ದೇಶವೇನು ಸ್ವರ್ಗವಲ್ಲ. ನಾನು ಅಲ್ಲಿಗೆ ಹೋಗಬೇಕೆಂದರೆ ಬ್ಯಾಂಕಿನ ಲೆಕ್ಕ, ನೌಕರಿಯ ಕಾಗದ, 30 ಸಾವಿರ ಯೂರೋಗಳ ವಿಮೆ, ಹತ್ತೂ ಬೆರಳಿನ ಗುರುತು ಕೊಡಬೇಕು. ತಿರುಗಿ ಬರುತ್ತೇನೆಂದು ನಂಬಿಸಬೇಕು. ಬಡವನನ್ನು ಅನುಮಾನದಿಂದ ನೋಡುವ ಬಾಗಿಲು ಅಲ್ಲಿಯೂ ಇದೆ. ಆದರೂ ಆ ಅರ್ಜಿ ಒಂದು ದಿನ ಮಂಜೂರಾದೀತು, ಇಲ್ಲವೆ ತಿರಸ್ಕಾರವಾದೀತು. ಊರಿನ ಅಪ್ಪಣೆಗೆ ಅರ್ಜಿಯೂ ಇಲ್ಲ, ಉತ್ತರವೂ ಇಲ್ಲ.

ಎರಡನೆಯ ದಿನ ರಾತ್ರಿ ಅವ್ವನಿಗೆ ವಿಷಯ ಹೇಳಿದೆ.

"ಬರ್ಲಿ ಬಿಡಪಾ. ಜ್ವಾಳದ ರೊಟ್ಟಿ, ಪುಂಡಿಪಲ್ಯಾ ಮಾಡತೀನಿ. ಆದ್ರ ಆಂವ ನಮ್ಮನೀ ನೀರ ಕುಡಿತಾನೇನು, ಮೊದಲ ಕೇಳಿಬಿಡು."

"ಆ ದೇಶದಾಗ ಹಂಗೆಲ್ಲಾ ಇಲ್ಲವ್ವಾ."

"ಇಲ್ಲಿಗೆ ಬಂದಮ್ಯಾಲೆ ಕಲೀತಾರ," ಅಂದಳು ಅವ್ವ.

ಆ ಮಾತಿಗೆ ನನ್ನ ಬಳಿ ಉತ್ತರವಿರಲಿಲ್ಲ. ಆಕೆಯ ಮುಂದೆಯೇ ಕೂತು ವಿಳಾಸ ಕಳಿಸಿದೆ, ಕೇರಿಯ ಹೆಸರು ಬಿಡದೆ. ಆ ಹೆಸರಿನ ಅರ್ಥವನ್ನೂ ಗೆಳೆಯನಿಗೆ ಬರೆದೆ. ನಮ್ಮ ಮನೆಯಲ್ಲಿ ಇಳಿದರೆ ಊರಿನ ಕೆಲವು ಬಾಗಿಲು ನಿನಗೂ ಮುಚ್ಚಬಹುದು, ತಿಳಿದು ಬಾ ಎಂದೆ. ತಿಳಿಸದೆ ಕರೆಯುವುದು ಗೆಳೆತನಕ್ಕೆ ಮಾಡುವ ಮೋಸ. ತಿಳಿಸಿದ ಮೇಲೆ ಬರುವುದು, ಬಿಡುವುದು ಅವನ ಮನುಷ್ಯತ್ವಕ್ಕೆ ಬಿಟ್ಟದ್ದು.

ಬರುತ್ತೇನೆಂದು ಬರೆದಿದ್ದಾನೆ. ವೀಸಾ ಸಿಕ್ಕಿದೆ. ಬಂದ ದಿನ ಮೊದಲು ಅವ್ವನ ಕೈಯ ನೀರು. ಆಮೇಲೆ ನಾವಿಬ್ಬರೂ ಕೂಡಿ ಊರೊಳಗಿನ ಚಹಾದಂಗಡಿಗೆ ಹೋಗುವವರಿದ್ದೇವೆ. ಅಲ್ಲಿ ಇಬ್ಬರಿಗೂ ಒಂದೇ ನಮೂನೆಯ ಕಪ್ಪು ಬರುತ್ತದೋ ಇಲ್ಲವೋ ನೋಡಬೇಕು.